ಗಡಿಗೆ ಆಯೋಗ ಬಂತು, ಮಗುವಿಗೆ ಪುಸ್ತಕ ಬರಲಿಲ್ಲ

ನಮ್ಮಲ್ಲಿ ಸೊಲ್ಲಾಪುರದ ಹೆಸರು ಕೇಳದ ಮನೆ ಇಲ್ಲ. ಆ ಊರನ್ನು ಕಣ್ಣಾರೆ ಕಂಡವರು ಕಡಿಮೆ, ಸೊಲ್ಲಾಪುರದ ಚಾದರ ಹೊದೆಯದೆ ದೊಡ್ಡವರಾದವರು ಅದಕ್ಕಿಂತ ಕಡಿಮೆ. ಆ ಚಾದರದ ಊರಿನಲ್ಲಿ ಮಕ್ಕಳು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಾರೆ ಎಂದು ಯಾರನ್ನಾದರೂ ಕೇಳಿ. ಮಹಾರಾಷ್ಟ್ರ ಅಲ್ಲವಾ, ಮರಾಠಿ ಇರಬೇಕು ಎನ್ನುತ್ತಾರೆ. ಮರಾಠಿ ಇದೆ. ಮಗ್ಗದ ಪದ್ಮಶಾಲಿ ಮನೆಗಳಲ್ಲಿ ತೆಲುಗು ಇದೆ, ಮುಸ್ಲಿಂ ಮೊಹಲ್ಲಾಗಳಲ್ಲಿ ದಖನಿ ಇದೆ, ತಾಂಡಾಗಳಲ್ಲಿ ಲಂಬಾಣಿ ಇದೆ. ನಗರದೊಳಗೆ ಸಾಕಷ್ಟು, ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಹಳ್ಳಿಗಳಲ್ಲಿ ಧಾರಾಳವಾಗಿ ಕನ್ನಡ ಇದೆ. ಹನ್ನೆರಡನೇ ಶತಮಾನದ ಸಿದ್ಧರಾಮ ವಚನ ಹೇಳಿದ್ದು ಇದೇ ಊರಿನಲ್ಲಿ. ಆಗ ಇದರ ಹೆಸರು ಸೊನ್ನಲಿಗೆ. ಕನ್ನಡ ಸಾಹಿತ್ಯ ಸಮ್ಮೇಳನ 1950ರಲ್ಲಿ ಸೇರಿದ್ದೂ ಇಲ್ಲೇ.

1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಈ ಕನ್ನಡ ಗೆರೆಯ ಆಚೆ ಉಳಿಯಿತು. 1966ರಲ್ಲಿ ಮಹಾಜನ ಆಯೋಗ ಕೂತಿತು, 1967ರಲ್ಲಿ ವರದಿ ಕೊಟ್ಟಿತು. ಅಕ್ಕಲಕೋಟೆ ಕರ್ನಾಟಕಕ್ಕೆ ಸೇರಬೇಕು ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. 2022ರ ನವೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸೊಲ್ಲಾಪುರ, ಅಕ್ಕಲಕೋಟೆ ನಮ್ಮದು ಎಂದರು, ಆ ಕಡೆಯವರು ಬೆಳಗಾವಿ ನಮ್ಮದು ಎಂದರು, ಬಸ್ಸುಗಳಿಗೆ ಮಸಿ ಬಳಿದರು, ಟಿವಿಯವರು ಒಂದು ತಿಂಗಳು ಬದುಕಿಕೊಂಡರು. ಈ ಎಲ್ಲ ವರ್ಷಗಳಲ್ಲಿ ಅಕ್ಕಲಕೋಟೆಯ ನಾಲ್ಕು ವರ್ಷದ ಮಗುವಿಗೆಂದು, ಆ ಮಗುವಿನ ಕನ್ನಡದಲ್ಲಿ, ಆ ಮಗುವಿನ ಅಂಗಳ ಬರೆದ ಎಷ್ಟು ಚಿತ್ರಪುಸ್ತಕ ಮಾಡಿಸಿದ್ದೀರಿ ಎಂದು ಎರಡೂ ಸರಕಾರಗಳನ್ನು ಕೇಳಿ ನೋಡಿ. ಭೂಪಟ ತಂದು ತೋರಿಸುತ್ತಾರೆ.

ಬ್ಯಾರಿ ಮನೆಗಳಲ್ಲಿ ಓದುವ ಜಾಗದಲ್ಲಿ ಸೊಲ್ಲಾಪುರದ ಮಾತು ಯಾಕೆ ಎಂದು ಕೇಳಬಹುದು. ಭಾಷೆಯ ಬಗ್ಗೆ ನಾವು ನಡೆಸುವ ಸಭೆ, ಠರಾವು, ಮನವಿಗಳ ಹಿಂದೆ ಒಂದು ನಂಬಿಕೆ ಇದೆ. ಮೊದಲು ಮಾನ್ಯತೆ ಸಿಗಲಿ, ಲಿಪಿ ಗಟ್ಟಿಯಾಗಲಿ, ಶಾಲೆಯಲ್ಲಿ ಜಾಗ ಸಿಗಲಿ, ಮಕ್ಕಳ ಪುಸ್ತಕ ಆಮೇಲೆ ತಾನಾಗಿ ಬರುತ್ತದೆ ಎಂಬುದು ಆ ನಂಬಿಕೆ. ಅಕ್ಕಲಕೋಟೆಯ ಕನ್ನಡವನ್ನು ನೋಡಿ. ಲಿಪಿಗೆ ಸಾವಿರ ವರ್ಷ ದಾಟಿದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಹೆಸರಿದೆ. ಪಕ್ಕದಲ್ಲೇ ಆ ಭಾಷೆಗೆಂದೇ ಒಂದು ರಾಜ್ಯ ಇದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯಲ್ಲಿ 1967ರಲ್ಲಿ ಶುರುವಾದ ಬಾಲಭಾರತಿ ಸಂಸ್ಥೆ ಮರಾಠಿ, ಉರ್ದು, ಗುಜರಾತಿಯ ಜೊತೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ನಾವು ಕನಸಲ್ಲಿ ಕೇಳುವುದೆಲ್ಲ ಅವರಿಗೆ ಎಚ್ಚರದಲ್ಲಿ ಸಿಕ್ಕಿದೆ. ಆದರೂ ಮಗುವಿನ ಕೈ ಖಾಲಿ.

ಖಾಲಿ ಯಾಕೆ ಎಂದರೆ ಈ ಎಲ್ಲ ವ್ಯವಸ್ಥೆ ಶುರುವಾಗುವುದು ಒಂದನೇ ತರಗತಿಯಿಂದ. ಬಾಲಭಾರತಿಯ ಕನ್ನಡ ಪುಸ್ತಕ ಆರು ವರ್ಷದ ಮಗುವಿಗೆ ಬರುತ್ತದೆ. ಮೂರರಿಂದ ಆರರ ತನಕದ ಮಗು ಯಾರದ್ದು? ಅಂಗನವಾಡಿಯದ್ದು ಅಥವಾ ಖಾಸಗಿ ನರ್ಸರಿಯದ್ದು. ಅಂಗನವಾಡಿಯ ಸೇವಿಕೆ ಊರಿನವಳೇ ಆದರೆ ಕನ್ನಡದಲ್ಲಿ ಮಾತಾಡಿಸುತ್ತಾಳೆ, ಅದು ಅವಳ ಒಳ್ಳೆಯತನ. ಸರಕಾರದ ಕಾಗದದ ಭಾಷೆ ಮರಾಠಿ. ಖಾಸಗಿ ನರ್ಸರಿ ಎಂದರೆ ಏ ಫಾರ್ ಆ್ಯಪಲ್. ಬಾಲಭಾರತಿ ಮಕ್ಕಳಿಗಾಗಿ 1971ರಿಂದ ಕಿಶೋರ್ ಎಂಬ ಒಳ್ಳೆಯ ಮಾಸಿಕ ಹೊರಡಿಸುತ್ತಿದೆ, ಮರಾಠಿಯಲ್ಲಿ. ಪಾಠಕ್ಕೆ ಕನ್ನಡ ಸಿಗುತ್ತದೆ, ಓದಿ ಖುಷಿಪಡುವುದಕ್ಕೆ ಸಿಗುವುದಿಲ್ಲ. ಪರೀಕ್ಷೆಗೆ ಮಾತ್ರ ಬೇಕಾಗುವ ಭಾಷೆಯನ್ನು ಯಾವ ಮಗು ತಾನೇ ಪ್ರೀತಿಸುತ್ತದೆ?

2025ರಲ್ಲಿ ಒಂದು ತಮಾಷೆ ನಡೆಯಿತು. ಮಹಾರಾಷ್ಟ್ರ ಸರಕಾರ ಏಪ್ರಿಲಿನಲ್ಲಿ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಮೂರನೇ ಭಾಷೆಯಾಗಿ ಹಿಂದಿ ತಂದಿತು. ಆರು ವರ್ಷದ ಮಗುವಿನ ತಲೆ ಮೇಲೆ ಮೂರು ಭಾಷೆಯ ಹೊರೆಯೇ ಎಂದು ಇಡೀ ರಾಜ್ಯ ಸಿಟ್ಟಿಗೆದ್ದಿತು. ಜೂನ್ ಕೊನೆಗೆ ಆದೇಶ ಹಿಂದೆ ಹೋಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಅಕ್ಕಲಕೋಟೆಯ ಕನ್ನಡ ಶಾಲೆಯ ಮಗು ಅದಕ್ಕೆ ಎಷ್ಟೋ ಮೊದಲಿನಿಂದ ಒಂದನೇ ತರಗತಿಯಲ್ಲೇ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಹೊತ್ತಿತ್ತು. ಆಗ ಯಾರ ಕಣ್ಣಿಗೂ ಅದು ಹೊರೆ ಎನಿಸಲಿಲ್ಲ. ಆ ಊರಿನ ಮುಸ್ಲಿಂ ಮಗುವಿಗೆ ಇನ್ನೂ ಒಂದು ಜಾಸ್ತಿ: ಮನೆಯಲ್ಲಿ ದಖನಿ, ಉರ್ದು ಶಾಲೆಗೆ ಹೋದರೆ ಮನೆಯ ದಖನಿಯನ್ನು ಕೆಟ್ಟ ಉರ್ದು ಎಂದು ತಿದ್ದುವ ಪುಸ್ತಕ, ಬೀದಿಯಲ್ಲಿ ಕನ್ನಡ ಮರಾಠಿ ಎರಡೂ. ಓದುವಾಗ ನಮ್ಮ ಮಕ್ಕಳ ನೆನಪು ಬಂದಿದ್ದರೆ ತಪ್ಪಿಲ್ಲ. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಮದ್ರಸದಲ್ಲಿ ಅರಬಿ ಅಕ್ಷರ, ಶಾಲೆಯಲ್ಲಿ ಕನ್ನಡ, ಎಲ್‌ಕೆಜಿ ಯೂನಿಫಾರ್ಮಿನ ಜೊತೆಗೆ ಇಂಗ್ಲಿಷ್. ಐದರಲ್ಲಿ ನಾಲ್ಕಕ್ಕೆ ಪುಸ್ತಕವೋ ಪಾಠವೋ ಯೂಟ್ಯೂಬೋ ಏನಾದರೊಂದು ಇದೆ. ಉಮ್ಮ ಮಾತಾಡುವ ಭಾಷೆಗೆ ಏನಿದೆ ಎಂದು ನಿಮ್ಮ ಮನೆಯ ಕಪಾಟು ತೆಗೆದು ಎಣಿಸಿ.

ಬೆಂಗಳೂರಿನಲ್ಲಿ ಕನ್ನಡದ ಚಿತ್ರಪುಸ್ತಕಗಳು ಬರುತ್ತವಲ್ಲ, ಅವನ್ನೇ ಅಕ್ಕಲಕೋಟೆಗೆ ಕಳಿಸಿದರೆ ಆಯಿತಲ್ಲ ಎಂದು ಕರ್ನಾಟಕದ ಸಜ್ಜನರು ಹೇಳುತ್ತಾರೆ. ಕಳಿಸಲಿ, ಏನೂ ಇಲ್ಲದ್ದಕ್ಕಿಂತ ಒಳ್ಳೆಯದು. ಆದರೆ ಆ ಪುಸ್ತಕದ ಅಜ್ಜ ಆ ಮಗುವಿನ ಮನೆಯಲ್ಲಿ ಮುತ್ಯಾ. ಅಜ್ಜಿ ಅಲ್ಲಿ ಆಯಿ. ಪುಸ್ತಕದ ಬೆಳಗಿನ ಇಡ್ಲಿ ಜಾಗದಲ್ಲಿ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಶೇಂಗಾ ಹಿಂಡಿ. ಆ ಮಗುವಿನ ವರ್ಷದ ದೊಡ್ಡ ದಿನಗಳು ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುವುದು, ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಮುಗಿಲಿಗೆ ಏರಿದ ನಂದಿಕೋಲು ನೋಡುವುದು. ಮಗು ಅಕ್ಷರ ಕೂಡಿಸಿ ಒಂದು ಪದ ಓದಿದಾಗ ಆ ಪದ ಮೊದಲೇ ಕಿವಿಗೆ ಬಿದ್ದದ್ದಾಗಿದ್ದರೆ 'ಓಹೋ ಇದಾ' ಎಂದು ಮುಖ ಅರಳುತ್ತದೆ. ಕಿವಿಗೆ ಬೀಳದ ಪದವಾದರೆ ಅದು ಬರೀ ಸದ್ದು. ಓದು ಎಂದರೆ ಸದ್ದು ಮಾಡುವುದು ಎಂದು ಅಲ್ಲೇ ಮಗು ತೀರ್ಮಾನ ಮಾಡಿಕೊಳ್ಳುತ್ತದೆ. ಆ ತೀರ್ಮಾನವನ್ನು ಮತ್ತೆ ಬದಲಿಸಲು ಐದನೇ ತರಗತಿಯ ಮೇಷ್ಟ್ರು ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಜಯದೇವಿತಾಯಿ ಲಿಗಾಡೆ ಇದೇ ಸೊಲ್ಲಾಪುರದವರು. ಶಾಲೆ ಕಲಿತದ್ದು ಮರಾಠಿಯಲ್ಲಿ, ಕನ್ನಡವನ್ನು ತಾವೇ ಕಲಿತು ಸಿದ್ಧರಾಮನ ಮೇಲೆ ಮಹಾಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು, ಆ ಪೀಠದಲ್ಲಿ ಕೂತ ಮೊದಲ ಹೆಂಗಸು. ಈ ಕತೆಯನ್ನು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಚಪ್ಪಾಳೆಗಿಂತ ಲೆಕ್ಕ ಮುಖ್ಯ: ಮನೆಯ ಭಾಷೆ ಓದಲು ಒಂದು ಮಗುವಿಗೆ ಜಯದೇವಿತಾಯಿಯಷ್ಟು ಛಲ ಬೇಕು ಎಂದಾದರೆ ಉಳಿದ ಸಾವಿರ ಮಕ್ಕಳು ಏನು ಮಾಡಬೇಕು?

ಇದೇ ಕಷ್ಟವನ್ನು ನಮಗಿಂತ ಮೊದಲು ಅನುಭವಿಸಿ, ಒಂದಷ್ಟು ದಾಟಿದವರು ಅಮೆರಿಕದಲ್ಲಿ ಇದ್ದಾರೆ. ಮೆಕ್ಸಿಕೋ, ಪೋರ್ಟೊರಿಕೋ, ಕ್ಯೂಬಾ, ಡೊಮಿನಿಕನ್ ಕಡೆಯ ಮೂಲದ, ಸ್ಪ್ಯಾನಿಷ್ ಮನೆಗಳ ಜನ. ಲ್ಯಾಟಿನೋ ಎನ್ನುತ್ತಾರೆ. 2020ರ ಜನಗಣತಿಯಲ್ಲಿ ಅವರು 6.2 ಕೋಟಿ. ಅಷ್ಟು ಜನ ಇದ್ದರೂ 2011ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಆ ವರ್ಷ ಬಂದ ಸುಮಾರು 3,400 ಪುಸ್ತಕ ಪರಿಶೀಲಿಸಿದಾಗ ಲ್ಯಾಟಿನೋಗಳು ಬರೆದದ್ದು ಅಥವಾ ಅವರ ಬಗ್ಗೆ ಇದ್ದದ್ದು ನೂರಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಸಂಖ್ಯೆ ಇದ್ದರೆ ಪುಸ್ತಕ ತಾನಾಗಿ ಬರುತ್ತದೆ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಬಂದ ಪುಸ್ತಕಗಳು ಹೇಗೆ ಬಂದವು ಎಂಬುದು ನಮಗೆ ಪಾಠ. ಪುರಾ ಬೆಲ್‌ಪ್ರೆ ಎಂಬ ಪೋರ್ಟೊರಿಕೋದ ಹೆಣ್ಣುಮಗಳು 1921ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದಳು. ಕಪಾಟು ಹುಡುಕಿದರೆ ತನ್ನ ಊರಿನ ಒಂದು ಕತೆಯೂ ಇಲ್ಲ. ಅರ್ಜಿ ಬರೆದು ಕಾಯಲಿಲ್ಲ. ಮನೆಯಲ್ಲಿ ಅಜ್ಜಿಯಿಂದ ಕೇಳಿದ ಕತೆಗಳನ್ನು ಮಕ್ಕಳನ್ನು ಕೂರಿಸಿಕೊಂಡು ಸ್ಪ್ಯಾನಿಷಿನಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು, ಬೊಂಬೆ ಮಾಡಿ ಆಡಿಸಿದಳು. ಜಿರಳೆ ಮತ್ತು ಇಲಿಯ ಒಂದು ಕತೆ 1932ರಲ್ಲಿ ಪುಸ್ತಕವಾಯಿತು. 1996ರಿಂದ ಅವಳ ಹೆಸರಿನಲ್ಲಿ ಲ್ಯಾಟಿನೋ ಮಕ್ಕಳ ಪುಸ್ತಕಗಳಿಗೆ ಪ್ರಶಸ್ತಿ ಇದೆ. ಅದೇ 1996ರಲ್ಲಿ ಪ್ಯಾಟ್ ಮೋರಾ ಎಂಬ ಲೇಖಕಿ ಏಪ್ರಿಲ್ 30ನ್ನು ಮಕ್ಕಳ ದಿನ ಮತ್ತು ಪುಸ್ತಕದ ದಿನ ಎರಡೂ ಆಗಿ ಆಚರಿಸೋಣ ಎಂದು ಶುರು ಮಾಡಿದರು. ಮೆಕ್ಸಿಕೋದಲ್ಲಿ ಮೊದಲೇ ಇದ್ದ ಮಕ್ಕಳ ದಿನಕ್ಕೆ ಪುಸ್ತಕವನ್ನು ಕಟ್ಟಿದರು, ಅಷ್ಟೇ ಉಪಾಯ.

ಸಾನ್‌ಫ್ರಾನ್ಸಿಸ್ಕೋದಲ್ಲಿ ಹ್ಯಾರಿಯೆಟ್ ರೋಮರ್ ಎಂಬ ತಾಯಿ. ಅವರ ಮಗು ಹೋಗುತ್ತಿದ್ದದ್ದು ಹೆಡ್ ಸ್ಟಾರ್ಟ್‌ಗೆ. ಬಡ ಮನೆಗಳ ಪುಟ್ಟ ಮಕ್ಕಳಿಗೆ ಅಮೆರಿಕ ಸರಕಾರ ನಡೆಸುವ, ನಮ್ಮ ಅಂಗನವಾಡಿಯಂಥದ್ದು. ಅಲ್ಲಿನ ಪುಸ್ತಕಗಳಲ್ಲಿ ಅಲ್ಲಿನ ಮಕ್ಕಳ ಮುಖವೇ ಇಲ್ಲ ಎಂದು ಕಂಡ ಅವರು 1975ರಲ್ಲಿ ಸಣ್ಣದೊಂದು ಪ್ರಕಾಶನ ಹುಟ್ಟುಹಾಕಿದರು. ಒಂದೇ ಪುಟದಲ್ಲಿ ಎರಡು ಭಾಷೆ, ಚಿತ್ರಕ್ಕೆ ಆ ಸಮುದಾಯದ್ದೇ ಕಲಾವಿದರು. ನಮ್ಮ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದೂ 1975ರ ಅಕ್ಟೋಬರ್ 2ರಂದು. ಆ ಐವತ್ತು ವರ್ಷಗಳಲ್ಲಿ ನಮ್ಮ ಅಂಗನವಾಡಿ ಮಕ್ಕಳಿಗೆ ಮೊಟ್ಟೆ ಸಿಕ್ಕಿತು, ಹಿಟ್ಟು ಸಿಕ್ಕಿತು, ಚುಚ್ಚುಮದ್ದು ಸಿಕ್ಕಿತು. ಸಿಗಬೇಕಾದದ್ದೇ. ಅವರ ಮನೆಮಾತಿನ ಪುಸ್ತಕವನ್ನು ಮಾತ್ರ ಯಾರೂ ಆಹಾರದ ಪಟ್ಟಿಗೆ ಸೇರಿಸಲಿಲ್ಲ.

ಯೂಯಿ ಮೊರಾಲೆಸ್ ಕತೆ ನಮ್ಮ ಹೆಂಗಸರು ಕೇಳಬೇಕಾದದ್ದು. 1994ರಲ್ಲಿ ಕೈಯಲ್ಲಿ ಹಸುಗೂಸು ಹಿಡಿದು ಮೆಕ್ಸಿಕೋದಿಂದ ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ಗ್ರಂಥಾಲಯದಲ್ಲಿ ಮಗುವಿನ ಜೊತೆ ಕೂತು ಚಿತ್ರಪುಸ್ತಕ ನೋಡುತ್ತ ನೋಡುತ್ತ ಭಾಷೆ ಕಲಿತರು, ಆಮೇಲೆ ತಾವೇ ಚಿತ್ರ ಬರೆದರು, ಆ ಬದುಕನ್ನೇ 2018ರಲ್ಲಿ ಡ್ರೀಮರ್ಸ್ ಎಂಬ ಚಿತ್ರಪುಸ್ತಕ ಮಾಡಿದರು. ಅದಕ್ಕೆ ಬೆಲ್‌ಪ್ರೆ ಪ್ರಶಸ್ತಿಯೂ ಬಂತು. ಚಿತ್ರಪುಸ್ತಕ ಮಗುವಿಗೆ ಮಾತ್ರ ಓದಿಸುವುದಿಲ್ಲ, ಪಕ್ಕದಲ್ಲಿ ಕೂತ ತಾಯಿಗೂ ಓದಿಸುತ್ತದೆ. ನಮ್ಮಲ್ಲಿ ಶಾಲೆ ಅರ್ಧಕ್ಕೆ ಬಿಟ್ಟು ಮದುವೆಯಾದ ಎಷ್ಟು ಉಮ್ಮಂದಿರು ಮಗುವಿನ ಇಂಗ್ಲಿಷ್ ಡೈರಿ ಮುಂದೆ ಮುದುರಿ ಕೂರುತ್ತಾರೆ ಎಂದು ನಿಮಗೆ ಗೊತ್ತು. ಆ ಡೈರಿ ದಿನಾ ಅವರಿಗೆ 'ನಿನಗೆ ಏನೂ ಬರುವುದಿಲ್ಲ' ಎಂದು ಹೇಳುತ್ತದೆ. ಪಕ್ಕದಲ್ಲೇ ಕೂತ ಮಗು ಅದನ್ನು ಕೇಳಿಸಿಕೊಳ್ಳುತ್ತದೆ. ಬ್ಯಾರಿಯಲ್ಲಿ ಹತ್ತು ಪುಟದ ಪುಸ್ತಕ ಇದ್ದರೆ ಆ ಮನೆಯಲ್ಲಿ ಓದಿಸುವ ಅಧಿಕಾರ ಉಮ್ಮನ ಕೈಗೆ ಬರುತ್ತದೆ.

ಅಮೆರಿಕದವರಿಗೆ ಎಲ್ಲ ಸಲೀಸಾಗಿತ್ತು ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನಮತ ಕೇಳಿ ಎರಡು ಭಾಷೆಯ ಪಾಠವನ್ನೇ ಬಹುಮಟ್ಟಿಗೆ ನಿಲ್ಲಿಸಿದರು. 2016ರಲ್ಲಿ ಮತ್ತೆ ಜನಮತ ಕೇಳಿ ಅದನ್ನು ತೆಗೆದರು. ನಡುವಿನ ಹದಿನೆಂಟು ವರ್ಷ ಶಾಲೆಯಲ್ಲಿ ಬಾಗಿಲು ಹಾಕಿದ್ದರೂ ಮನೆ ಮತ್ತು ಗ್ರಂಥಾಲಯದಲ್ಲಿ ಪುಸ್ತಕ ಇತ್ತು. ಶಾಲೆಯನ್ನೇ ನಂಬಿ ಕೂತಿದ್ದರೆ ಒಂದು ಪೀಳಿಗೆ ಪೂರ್ತಿ ಕೈಬಿಟ್ಟು ಹೋಗುತ್ತಿತ್ತು.

ಈಗ ನಮ್ಮವರ ತಕರಾರುಗಳಿಗೆ ಬರುತ್ತೇನೆ. ಮೊದಲನೆಯದು ಗೊತ್ತಿರುವುದೇ: ಬ್ಯಾರಿ ಮನೆಯಲ್ಲಿ ಹೇಗೂ ಬರುತ್ತದೆ, ಪುಸ್ತಕ ಯಾಕೆ, ಇಂಗ್ಲಿಷ್ ಕಲಿಯಲಿ. ಮನೆಯಲ್ಲಿ ಬರುತ್ತದೆಯೇ? ಮಂಗಳೂರಿನ ಫ್ಲ್ಯಾಟುಗಳಲ್ಲಿ ಸಂಜೆ ಹೊತ್ತು ಕಿವಿಗೊಟ್ಟು ಕೇಳಿ. ಉಮ್ಮ ಉಪ್ಪ ತಮ್ಮತಮ್ಮೊಳಗೆ ಬ್ಯಾರಿ, ಮಗುವಿನ ಹತ್ತಿರ ಮುರುಕು ಇಂಗ್ಲಿಷ್ ಅಥವಾ ಪುಸ್ತಕದ ಕನ್ನಡ. 'ಕಮ್, ಈಟ್, ನೋ ಟಚ್.' ಮಗುವಿಗೆ ಸಿಗುವುದು ಇಂಗ್ಲಿಷೂ ಅಲ್ಲ, ಹತ್ತು ಆಜ್ಞೆಗಳು. ಜೋಕು ಹೇಳಲು, ಮುನಿಸಿಕೊಳ್ಳಲು, 'ಯಾಕೆ' ಎಂದು ಇಪ್ಪತ್ತು ಸಲ ಕೇಳಲು ಆ ಭಾಷೆಯಲ್ಲಿ ಆ ಮನೆಯಲ್ಲಿ ಯಾರಿಗೂ ಮಾತು ಸಾಲುವುದಿಲ್ಲ. ಮನೆಮಾತು ಗಟ್ಟಿ ಇರುವ ಮಗು ಎರಡನೇ ಭಾಷೆಯನ್ನು ಚೆನ್ನಾಗಿ ಕಲಿಯುತ್ತದೆ ಎಂಬುದನ್ನೇ 2020ರ ಶಿಕ್ಷಣ ನೀತಿಯೂ ಹೇಳುತ್ತದೆ, 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಹೇಳುತ್ತದೆ. ಆ ನೀತಿಯ ಉಳಿದ ವಿಷಯಗಳಲ್ಲಿ ನನಗೆ ತಕರಾರಿದೆ. ಈ ಮಾತು ಸರಿ.

ಎರಡನೆಯದು ಲಿಪಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಬಂತು. ಅದು ಮಾಡಿದ ಕೆಲಸ ಸಣ್ಣದಲ್ಲ. ಬ್ಯಾರಿ ಸಿನೆಮಾಕ್ಕೆ 2011ರ ಸಾಲಿನ ಸ್ವರ್ಣಕಮಲ ಬಂದಾಗ ನಾವೆಲ್ಲ ಸಿಹಿ ಹಂಚಿದ್ದೇವೆ (ಆ ವರ್ಷ ಜೊತೆಗೆ ಹಂಚಿಕೊಂಡದ್ದು ದೇವುಳ ಎಂಬ ಮರಾಠಿ ಚಿತ್ರ, ಕೋಟಿ ಕೋಟಿ ಜನರ ಮರಾಠಿಯೂ ನಮ್ಮ ನಕ್ಕ್-ನಿಕ್ಕ್ ಬಾಸೆಯೂ ಒಂದೇ ಸಾಲಿನಲ್ಲಿ ನಿಂತ ಅಪರೂಪದ ದಿನ). ಆಮೇಲೆ ಬ್ಯಾರಿಗೊಂದು ಸ್ವಂತ ಲಿಪಿಯೂ ಬಂತು. ಲಿಪಿ ಮಾಡಿದವರ ಶ್ರಮಕ್ಕೆ ಗೌರವ ಇದೆ. ಆದರೆ ಆರು ವರ್ಷದೊಳಗೆ ಅರಬಿ, ಕನ್ನಡ, ಇಂಗ್ಲಿಷ್ ಮೂರು ಅಕ್ಷರಮಾಲೆ ನೋಡುವ ಮಗುವಿಗೆ ನಾಲ್ಕನೆಯದು ಕಲಿಸಿದ ಮೇಲೆ ಪುಸ್ತಕ ಎಂದರೆ, ಪುಸ್ತಕ ಬರುವ ಹೊತ್ತಿಗೆ ಮಗುವಿಗೆ ಮೀಸೆ ಬಂದಿರುತ್ತದೆ. ಕನ್ನಡ ಅಕ್ಷರದಲ್ಲಿ ಬರೆಯಿರಿ. ನಮ್ಮ ಪತ್ರಿಕೆ, ಹಾಡು, ಕವಿತೆ ಎಲ್ಲ ಇಷ್ಟು ವರ್ಷ ಅದರಲ್ಲೇ ಬಂದಿವೆ, ಭಾಷೆಗೆ ಏನೂ ಆಗಿಲ್ಲ. ಅಕ್ಕಲಕೋಟೆಯವರಿಗೆ ಲಿಪಿ ಇದ್ದೂ ಪುಸ್ತಕ ಇಲ್ಲ. ನಮಗೆ ಲಿಪಿ ಬೇರೆಯವರದ್ದಾದರೂ ಪುಸ್ತಕ ನಮ್ಮದೇ ಆಗಬಹುದು.

ಮೂರನೆಯದು ಸ್ವಲ್ಪ ನಾಜೂಕಿನದು: ಜೀವಿಗಳ ಚಿತ್ರ ಬರೆಯಬಹುದೇ? ಈ ಪ್ರಶ್ನೆ ಕೇಳುವ ಉಸ್ತಾದರನ್ನು ನಾನು ಗೇಲಿ ಮಾಡುವುದಿಲ್ಲ. ಮಕ್ಕಳ ಆಟಿಕೆಯ ವಿಷಯದಲ್ಲಿ ಉಲಮಾಗಳಲ್ಲಿ ಅನೇಕರು ಸಡಿಲ ಕೊಟ್ಟಿದ್ದಾರೆ, ಆಯಿಶಾ ಬೀವಿಯವರು (ರ.ಅ.) ಬೊಂಬೆಗಳೊಂದಿಗೆ ಆಡುತ್ತಿದ್ದ ಹದೀಸನ್ನು ನಮಗೆ ಹೇಳಿಕೊಟ್ಟವರೂ ಉಸ್ತಾದರೇ. ಅದರ ಮೇಲೂ ಮನಸ್ಸು ಒಪ್ಪದ ಮನೆಗಳಿಗೆ ಬೇಕಾದಷ್ಟು ದಾರಿ ಇದೆ. ದೋಣಿ, ಬಲೆ, ಹಂಚಿನ ಮಾಡು, ಅಡಕೆ ತೋಟ, ಮದರಂಗಿ ಹಚ್ಚಿದ ಕೈ, ಪೆರ್ನಾಲಿನ ಹೊಸ ಬಟ್ಟೆ, ಆವಿ ಬರುವ ಪಿಂಡಿ ಪಾತ್ರೆ, ಮಳೆಗಾಲದ ಪಲ್ಲಿ ಅಂಗಳ. ಮುಖ ಇಲ್ಲದೆಯೂ ಇಪ್ಪತ್ತು ಪುಟ ತುಂಬುತ್ತದೆ. ನಾನು ಒಪ್ಪದಿರುವುದು ಒಂದನ್ನೇ: ಊಟ ಮಾಡಿಸಲು ಮಗುವಿನ ಕೈಗೆ ಮೊಬೈಲು ಕೊಟ್ಟು ಮೂರು ಹೊತ್ತು ಕಾರ್ಟೂನ್ ತೋರಿಸುವ ಮನೆಯವರು, ಪುಸ್ತಕದ ಮಾತು ಬಂದಾಗ ಮಾತ್ರ ಚಿತ್ರದ ಮಸ್‌ಅಲ ತೆಗೆಯುವುದನ್ನು.

ನಾಲ್ಕನೆಯವರು ಅನುವಾದದವರು. ಇಂಗ್ಲಿಷಿನಲ್ಲಿ ಎಷ್ಟೊಂದು ಚೆಂದದ ಪುಸ್ತಕ ಇವೆ, ಬ್ಯಾರಿಗೆ ತಂದುಬಿಡೋಣ. ತನ್ನಿ, ಬೇಡ ಎನ್ನುವುದಿಲ್ಲ. ಹಿಮ ಮತ್ತು ಕರಡಿ ನಮ್ಮ ಮಕ್ಕಳೂ ನೋಡಲಿ. ರೂಡಿನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ಕರಿಯ ವಿದ್ವಾಂಸೆ 1990ರಲ್ಲಿ ಮಕ್ಕಳ ಪುಸ್ತಕವನ್ನು ಕನ್ನಡಿಗೆ ಮತ್ತು ಕಿಟಕಿಗೆ ಹೋಲಿಸಿದರು. ಹೊರಗಿನದ್ದನ್ನು ತೋರಿಸುವ ಕಿಟಕಿಯೂ ಬೇಕು, ತನ್ನ ಮುಖ ತೋರಿಸುವ ಕನ್ನಡಿಯೂ ಬೇಕು. ನಮ್ಮ ಮಕ್ಕಳ ಕೋಣೆ ತುಂಬ ಬರೀ ಕಿಟಕಿ. ಕನ್ನಡದ ಪಠ್ಯದಲ್ಲೂ ನಮ್ಮವರು ಬರುವುದು ರಮ್ಜಾನಿನ ಒಂದು ಪುಟದಲ್ಲಿ, ತಲೆಗೊಂದು ಟೋಪಿ, ಕೈಯಲ್ಲೊಂದು ಬಟ್ಟಲು ಖೀರು. ಉಳಿದ ಮುನ್ನೂರ ಅರವತ್ತು ದಿನ ಆ ಹುಡುಗ ಎಲ್ಲಿಗೆ ಹೋಗುತ್ತಾನೋ. ಅವನು ಮೀನು ತರಲು ಧಕ್ಕೆಗೆ ಹೋಗಲಿ, ಬಸ್ಸಲ್ಲಿ ಕಿಟಕಿ ಸೀಟಿಗೆ ಜಗಳ ಆಡಲಿ, ಗಲ್ಫಿನಿಂದ ಉಪ್ಪ ಫೋನು ಮಾಡಿದಾಗ ಮಾತಾಡದೆ ಮುಖ ತಿರುಗಿಸಲಿ. ಈ ಕೊನೆಯದು ನಮ್ಮ ಎಷ್ಟು ಮನೆಗಳ ಕತೆ! ಮಗುವಿಗೆ ಎರಡು ವರ್ಷ ಆದ ಮೇಲೆ ಉಪ್ಪನನ್ನು ಮೊದಲ ಸಲ ಮುಟ್ಟಿ ನೋಡುವುದು, ಅಪರಿಚಿತ ಎಂದು ಅಳುವುದು. ಅದನ್ನು ಲಂಡನ್ನಿನ ಲೇಖಕ ಬರೆದುಕೊಡುವುದಿಲ್ಲ, ನಾವು ಅನುವಾದಿಸಲೂ ಆಗುವುದಿಲ್ಲ.

ದುಡ್ಡಿನ ಮಾತನ್ನು ಆಡದಿರುವುದೇ ಮೇಲು, ಮದುವೆ ಹಾಲಿನ ಬಿಲ್ಲು ಕಟ್ಟುವ ಸಮುದಾಯ ನಾವು. ಮಾಡುವ ದಾರಿಯೂ ತೆರೆದೇ ಇದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿರುವ ಚಿತ್ರಗಳನ್ನು ಬಳಸಿ ಯಾರು ಬೇಕಾದರೂ ತಮ್ಮ ಭಾಷೆಯ ಕತೆ ಕಟ್ಟಬಹುದು, ಇಳಿಸಿಕೊಂಡು ಅಚ್ಚು ಹಾಕಬಹುದು, ಅನುಮತಿಗೆ ಕಾಯಬೇಕಿಲ್ಲ. ಚೆನ್ನೈಯ ತೂಲಿಕಾ 1996ರಿಂದ ಒಂದೇ ಪುಟದಲ್ಲಿ ಎರಡು ಭಾಷೆಯ ಚಿತ್ರಪುಸ್ತಕ ಮಾಡುತ್ತಿದೆ. ಕನ್ನಡವೂ ಅವರ ಭಾಷೆಗಳಲ್ಲಿ ಒಂದು. ಮೇಲೆ ಬ್ಯಾರಿ, ಕೆಳಗೆ ಕನ್ನಡ ಎಂದು ಪುಟ ಹಾಕುವುದಕ್ಕೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಬರೆಯುವವರೂ ಇದ್ದಾರೆ. ಕನ್ನಡದ ಮಕ್ಕಳ ಪದ್ಯಗಳನ್ನೆಲ್ಲ ಹುಡುಕಿ 'ತಟ್ಟು ಚಪ್ಪಾಳೆ ಪುಟ್ಟ ಮಗು' ಎಂದು ಪೋಣಿಸಿಕೊಟ್ಟವರು ನಮ್ಮ ಪುತ್ತೂರಿನ ಬೊಳುವಾರು ಮಹಮದ್ ಕುಂಞಿ. ಗಾಂಧಿಯ ಕತೆಯನ್ನು ಮಕ್ಕಳಿಗೆ ಹೇಳಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವರೂ ಅವರೇ. ಇಡೀ ಕನ್ನಡದ ಮಕ್ಕಳಿಗೆ ಇಲ್ಲಿಂದ ಒಬ್ಬರು ಅಷ್ಟು ಕೊಟ್ಟಿದ್ದಾರೆ. ನಾವೆಲ್ಲ ಸೇರಿದರೆ ನಮ್ಮ ಮಕ್ಕಳಿಗೆ ಹದಿನಾರು ಪುಟ ಕೊಡಲಾಗದೇ?

ಇನ್ನೊಂದು ಮಾತನ್ನು ಬಿಡುವ ಹಾಗಿಲ್ಲ. ತಾಯ್ನುಡಿ ಮಾಧ್ಯಮದ ಬಗ್ಗೆ ಕರ್ನಾಟಕ ಸರಕಾರದ ಮೊಕದ್ದಮೆಯಲ್ಲಿ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸರಕಾರ ಸೋತಿತು ಎಂದಷ್ಟೇ ನಮಗೆ ನೆನಪು. ಮಗುವಿನ ತಾಯ್ನುಡಿ ಯಾವುದೆಂದು ನಿರ್ಧರಿಸುವವರು ಹೆತ್ತವರು ಎಂದೂ ಅದರಲ್ಲಿ ಇದೆ. ಹಾಗಾದರೆ ಶಾಲೆಗೆ ಸೇರಿಸುವ ಫಾರಮಿನಲ್ಲಿ 'ಮಾತೃಭಾಷೆ' ಎಂಬ ಕಾಲಂನಲ್ಲಿ ನಾವು ಏನು ಬರೆಯುತ್ತಿದ್ದೇವೆ? ಕೆಲವರು ಕನ್ನಡ, ಕೆಲವರು ಮಲಯಾಳಂ, ದೊಡ್ಡಸ್ತಿಕೆಗೆ ಉರ್ದು. ಕೋರ್ಟು ಕೈಗೆ ಕೊಟ್ಟ ಪೆನ್ನಿನಿಂದ ನಮ್ಮ ಹೆಸರನ್ನು ನಾವೇ ಅಳಿಸುತ್ತೇವೆ, ಆಮೇಲೆ ಸರಕಾರ ನಮ್ಮ ಭಾಷೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಭಾಷಣ ಮಾಡುತ್ತೇವೆ. ಅಕ್ಕಲಕೋಟೆ ಸೀಮೆಯ ಬಡ ರೈತ ಎದುರಿಗೆ ಮರಾಠಿಯ ಸರಕಾರ ಇದ್ದೂ ಮಗುವನ್ನು ಕನ್ನಡ ಶಾಲೆಗೆ ಸೇರಿಸಿ ಕನ್ನಡ ಎಂದೇ ಬರೆಸುತ್ತಾನೆ. ಅವನು ಬರೆಸಿದ್ದರಿಂದಲೇ ಪುಣೆಯಲ್ಲಿ ಕನ್ನಡದ ಪುಸ್ತಕ ಅಚ್ಚಾಗಬೇಕಾಗಿದೆ.

ಅಡ್ಡಿ ಒಂದು ನಿಜವಾಗಿ ಇದೆ, ಅದು ನನಗೂ ತಲೆನೋವು. ಯಾವ ಬ್ಯಾರಿ? ಮಂಗಳೂರಿನದೋ, ಉಪ್ಪಿನಂಗಡಿ ಕಡೆಯದೋ, ಮಂಜೇಶ್ವರದ ಆಚೆಯದೋ? ಅಜ್ಜಿಯನ್ನು ಕರೆಯಲು ಒಂದೊಂದು ಮನೆಯಲ್ಲಿ ಒಂದೊಂದು ಪದ. ಮುತ್ಯಾ ಮತ್ತು ಅಜ್ಜನ ಜಗಳವೇ ಇಲ್ಲೂ ಇದೆ. ಇದಕ್ಕೆ ತಜ್ಞರ ಸಮಿತಿ ಮಾಡಿದರೆ ಕೆಲಸ ಕೆಟ್ಟಿತು. ಲ್ಯಾಟಿನೋಗಳ ಸ್ಪ್ಯಾನಿಷೂ ಒಂದಲ್ಲ, ಮೆಕ್ಸಿಕೋದವರ ಪದ ಪೋರ್ಟೊರಿಕೋದವರಿಗೆ ನಗು ತರಿಸುತ್ತದೆ. ಬೆಲ್‌ಪ್ರೆ ತನ್ನ ಮನೆಯ ಕತೆಯನ್ನು ತನ್ನ ಮನೆಯ ಹಾಗೆ ಹೇಳಿದಳು, ಬೇರೆಯವರು ತಮ್ಮದನ್ನು ತಮ್ಮ ಹಾಗೆ. ನಮ್ಮ ಮೊದಲ ಪುಸ್ತಕದಲ್ಲಿ ಅಜ್ಜಿಯ ಚಿತ್ರದ ಕೆಳಗೆ ಒಂದು ಗೆರೆ ಖಾಲಿ ಬಿಡಿ, ಆಯಾ ಮನೆಯವರು ಪೆನ್ಸಿಲಿನಲ್ಲಿ ಬರೆದುಕೊಳ್ಳಲಿ. ಮಗುವಿಗೆ ಅದೇ ಮೊದಲ ಬರವಣಿಗೆ ಆದರೂ ಆಗಬಹುದು.

ಹಂಚುವುದು ಹೇಗೆ ಎಂಬುದಕ್ಕೆ ಅಂಗಡಿ ಹುಡುಕಬೇಕಾಗಿಲ್ಲ. ಮೆಕ್ಸಿಕೋದ ಮಕ್ಕಳ ದಿನಕ್ಕೆ ಪ್ಯಾಟ್ ಮೋರಾ ಪುಸ್ತಕ ಕಟ್ಟಿದ ಹಾಗೆ ನಮಗೆ ರಬೀಉಲ್ ಅವ್ವಲ್ ಇದೆ. ಮೀಲಾದ್ ಕಾರ್ಯಕ್ರಮದಲ್ಲಿ ಪ್ರತಿ ಜಮಾತ್‌ನಲ್ಲೂ ಮದ್ರಸದ ಮಕ್ಕಳು ಹಾಡಿ, ಭಾಷಣ ಮಾಡಿ ಬಹುಮಾನ ತೆಗೆದುಕೊಳ್ಳುತ್ತಾರೆ. ಸ್ಟೀಲಿನ ತಟ್ಟೆ, ಗಾಜಿನ ಬಟ್ಟಲು, ಪ್ಲಾಸ್ಟಿಕ್ ಟಿಫಿನ್ ಡಬ್ಬಿ. ನಮ್ಮ ಮನೆಗಳ ಅಟ್ಟದಲ್ಲಿ ಹೆಸರು ಕೊರೆದ ತಟ್ಟೆಗಳಿಗೆ ಜಾಗವಿಲ್ಲ. ಬರುವ ಮೀಲಾದಿಗೆ ಒಂದು ಜಮಾತ್, ಒಂದೇ ಒಂದು, ಸಣ್ಣ ಮಕ್ಕಳ ಸಾಲಿಗೆ ತಟ್ಟೆಯ ಬದಲು ಬ್ಯಾರಿಯ ಒಂದು ಚಿತ್ರಪುಸ್ತಕ ಅಚ್ಚು ಹಾಕಿಸಿ ಕೊಡಲಿ. ಕತೆ ಬರೆಯುವವರು ಸಿಗದಿದ್ದರೆ ಆ ಜಮಾತಿನ ಅತಿ ಹಿರಿಯ ಹೆಂಗಸಿನ ಹತ್ತಿರ ಹೋಗಿ ಕೂರಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಿತ್ರಕ್ಕೆ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಆ ಮೊಹಲ್ಲಾದಲ್ಲೇ ಇರುತ್ತಾಳೆ. ಐವತ್ತು ಪ್ರತಿ ಜಾಸ್ತಿ ಹಾಕಿಸಿ, ಪಕ್ಕದ ಅಂಗನವಾಡಿಗೂ ಕೊಡಿ.